ನಂಬರ್ ಪ್ಲೇಟಿನ ಮೃಗ

ಮೂವತ್ತು ವರ್ಷ ಆರ್‌ಟಿಓ ಕಚೇರಿಯ ಅನ್ನ ತಿಂದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಗಾಡಿ ಕಂಡರೆ ಕಣ್ಣು ಮೊದಲು ಹೋಗುವುದು ನಂಬರ್ ಪ್ಲೇಟಿಗೆ. ಮದುವೆಗೆ ಹೋದರೂ ಛತ್ರದ ಮುಂದೆ ನಿಂತ ಕಾರುಗಳನ್ನು ಒಮ್ಮೆ ಓದಿಕೊಂಡು, 09 ಮೈಸೂರು, 10 ಚಾಮರಾಜನಗರ, 11 ಮಂಡ್ಯ, 12 ಮಡಿಕೇರಿ ಅಂತ ಬೀಗರ ಊರುಗಳ ಲೆಕ್ಕ ಹಾಕಿದ ಮೇಲೇ ನಾನು ಊಟದ ಪಂಕ್ತಿ ಕಡೆ ನಡೆಯುವುದು. ಎಂವೈ ಎಂದು ಶುರುವಾಗುತ್ತಿದ್ದ ಹಳೆಯ ಮೈಸೂರು ನಂಬರುಗಳ ಕಡತದ ದೂಳು ಕುಡಿದವನು ನಾನು. 1989ರಲ್ಲಿ ಕೆಎ ಬಂದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ.

ಹಾಗಾಗಿ ಫ್ಲೋರಿಡಾದ ನೇಪಲ್ಸ್ ಊರಿನಲ್ಲಿರುವ ಮಗಳ ಮನೆಗೆ ಹೋದಾಗ, ಎಲ್ಲರೂ ನನ್ನನ್ನು ಸಮುದ್ರ ತೋರಿಸಲು ಕರೆದೊಯ್ದರೆ ನಾನು ನೋಡಿದ್ದು ದಿನಸಿ ಅಂಗಡಿಯ ಮುಂದಿನ ಪಾರ್ಕಿಂಗ್ ಜಾಗ. ಅವರು ತರಕಾರಿ ತರುವಷ್ಟರಲ್ಲಿ ಎರಡು ಸಾಲು ಮುಗಿಸಿದ್ದೆ. ಅಲ್ಲಿಯ ಕಾರಿಗೆ ಪ್ಲೇಟು ಒಂದೇ, ಹಿಂದುಗಡೆ ಮಾತ್ರ. ಆ ಒಂದರ ಮೇಲೂ ನಂಬರಿಗಿಂತ ಚಿತ್ರದ ಕಾರುಬಾರೇ ಜಾಸ್ತಿ. ಒಂದರಲ್ಲಿ ಕಡಲಾಮೆ, ಇನ್ನೊಂದರಲ್ಲಿ ಕಡಲಹಸುವಿನ ಜಾತಿಯ ಮ್ಯಾನಟೀ, ಮತ್ತೊಂದರಲ್ಲಿ ಯಾವುದೋ ಕಾಲೇಜಿನ ಲಾಂಛನ. ಮೂರನೆಯ ಸಾಲಿನ ಪಿಕಪ್ ಗಾಡಿಯ ಬೆನ್ನಿನಿಂದ ಒಂದು ದೊಡ್ಡ ಬೆಕ್ಕಿನ ಮುಖ ನನ್ನನ್ನೇ ದಿಟ್ಟಿಸುತ್ತಿತ್ತು. ಕೆಳಗೆ 'ಪ್ರೊಟೆಕ್ಟ್ ದಿ ಪ್ಯಾಂಥರ್' ಎಂಬ ಬರಹ.

ನನಗೆ ಮೊದಲು ಬಂದ ಯೋಚನೆ, ಇದನ್ನು ಯಾವ ಬ್ರೇಕ್ ಇನ್ಸ್‌ಪೆಕ್ಟರ್ ಪಾಸ್ ಮಾಡಿದ?

ಯಾಕೆಂದರೆ ನಮ್ಮಲ್ಲಿ ನಾನೇ ಒಂದು ಹುಲಿಮುಖ ಕೆರೆಸಿದವನು. ತೊಂಬತ್ತರ ದಶಕದ ಮಾತು. ಆಗೆಲ್ಲ ಕಚೇರಿಯ ಎದುರಿನ ಹುಣಸೆಮರದ ನೆರಳಲ್ಲಿ ಪೇಂಟರೊಬ್ಬ ಡಬ್ಬಿ, ಕುಂಚ ಇಟ್ಟುಕೊಂಡು ಕೂತಿರುತ್ತಿದ್ದ. ನಂಬರು ಬರೆಯುವುದು ಅವನ ಹೊಟ್ಟೆಪಾಡು. ಮೂಲೆಯಲ್ಲಿ ಆಂಜನೇಯ, ಕುದುರೆ, 'ತಾಯಿಯ ಆಶೀರ್ವಾದ' ಬರೆಯುವುದು ಅವನ ಖುಷಿ. ಗುಂಡ್ಲುಪೇಟೆ ಕಡೆಯ ಜೀಪೊಂದಕ್ಕೆ ಅವನು ಅಂಕಿಗಳ ಪಕ್ಕ ಹೆಬ್ಬೆಟ್ಟಿನಷ್ಟಗಲ ಹುಲಿಯ ಮುಖ ಬರೆದಿದ್ದ. ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ನಿಯಮದ ಪ್ರಕಾರ ಪ್ಲೇಟಿನ ಮೇಲೆ ನಂಬರಿನ ಹೊರತು ಏನೂ ಇರಕೂಡದು. ಎಫ್‌ಸಿಗೆ ಬಂದ ಗಾಡಿಯ ಕಾಗದ ನನ್ನ ಮೇಜಿಗೆ ಬಂದಾಗ ಹೊರಗೆದ್ದು ಹೋಗಿ, 'ಇದನ್ನ ಅಳಿಸಿಕೊಂಡು ಬನ್ರೀ' ಅಂದೆ. ಪೇಂಟರನೇ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದ. ಹುಲಿಯ ಕಣ್ಣು ಮಾತ್ರ ಬೇಗ ಹೋಗಲಿಲ್ಲ. ಬ್ಲೇಡು ಹಾಕಿ ಕೆರೆದ. ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

'ಅಪ್ಪಾ, ಅದಕ್ಕೆ ವರ್ಷಕ್ಕೆ 25 ಡಾಲರ್ ಜಾಸ್ತಿ ಕಟ್ಟಬೇಕು' ಅಂದಳು ಮಗಳು, ಚೀಲಗಳನ್ನು ಡಿಕ್ಕಿಗೆ ಹಾಕುತ್ತ. 'ಆ ದುಡ್ಡು ಪ್ಯಾಂಥರ್ ಕೆಲಸಕ್ಕೇ ಹೋಗುತ್ತೆ.'

'ವರ್ಷ ವರ್ಷವೂ?'

'ವರ್ಷ ವರ್ಷವೂ.'

ಸರ್ಕಾರ ತಾನಾಗಿ ನಿಗದಿ ಮಾಡಿದ ಶುಲ್ಕದ ಮೇಲೆ ಜನ ತಾವಾಗಿ ಇನ್ನಷ್ಟು ಕೊಡುವುದನ್ನು ನನ್ನ ಕೌಂಟರಿನಲ್ಲಿ ನಾನು ಕಂಡದ್ದು ಫ್ಯಾನ್ಸಿ ನಂಬರಿಗೆ ಮಾತ್ರ. ಇದರ ಬುಡ ಎಲ್ಲಿದೆ ನೋಡೋಣ ಅಂತ, ಊರಿನ ಗ್ರಂಥಾಲಯದಲ್ಲಿ ಆ ಚಳಿಗಾಲ ಪೂರ್ತಿ ಕೂತೆ. ಚಳಿಗಾಲವೆಂದರೆ ನಮ್ಮ ಮಾರ್ಗಶಿರದಷ್ಟು ಚಳಿ, ಅಷ್ಟೇ.

ಅಮೆರಿಕದಲ್ಲಿ ಗಾಡಿಗೆ ಗುರುತು ಇರಲೇಬೇಕೆಂದು ಮೊದಲು ಕಡ್ಡಾಯ ಮಾಡಿದ್ದು ನ್ಯೂಯಾರ್ಕ್ ರಾಜ್ಯ, 1901ರಲ್ಲಿ. ಆದರೆ ಪ್ಲೇಟು ಮಾಡಿಕೊಡುವ ಗೋಜಿಗೆ ಸರ್ಕಾರ ಹೋಗಲಿಲ್ಲ. ಮಾಲೀಕನೇ ತನ್ನ ಹೆಸರಿನ ಮೊದಲಕ್ಷರಗಳನ್ನು ಚರ್ಮದ ಮೇಲೋ ಹಲಗೆಯ ಮೇಲೋ ಕೂರಿಸಿ ನೇತುಹಾಕಿಕೊಳ್ಳಬೇಕಿತ್ತು. ನಮ್ಮ ಹುಣಸೆಮರದ ಪೇಂಟರನಿಗೆ ಹೇಳಿ ಮಾಡಿಸಿದ ಕಾಲ. 1903ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಕಬ್ಬಿಣದ ತಗಡಿಗೆ ಎನಾಮಲ್ ಬಳಿದು ತಾನೇ ಕೊಡಲು ಶುರುಮಾಡಿತು. ಅದೇ ರಾಜ್ಯ 1928ರಲ್ಲಿ ಪ್ಲೇಟಿನ ಮೇಲೆ ಒಂದು ಪುಟ್ಟ ಕಾಡ್ ಮೀನನ್ನು ಒತ್ತಿಸಿತು. ಮೀನುಗಾರಿಕೆಯ ರಾಜ್ಯ, ಗೌರವಕ್ಕೆ ಅಂತ. ಆ ವರ್ಷ ಬಲೆಗೆ ಮೀನು ಸರಿಯಾಗಿ ಬೀಳಲಿಲ್ಲವಂತೆ. ಪ್ಲೇಟಿನ ಮೀನು ರಾಜ್ಯದ ಹೆಸರಿಗೆ ಬಾಲ ತೋರಿಸಿ ಆಚೆ ಈಜುತ್ತಿದೆ, ಅದಕ್ಕೇ ಹೀಗಾಯಿತು ಎಂದು ಬೆಸ್ತರು ಗಲಾಟೆ ಮಾಡಿದರಂತೆ. ನಿಜವೋ ಕಟ್ಟುಕತೆಯೋ, ಅಂಕಿಗಳ ಮೊತ್ತ ಎಂಟು ಬಂದರೆ ಗಾಡಿಯನ್ನೇ ತೆಗೆದುಕೊಳ್ಳದವರನ್ನು ಕಂಡ ನನಗೆ ಆ ಬೆಸ್ತರು ಪರಕೀಯರೆನಿಸಲಿಲ್ಲ.

ಆ ಮೀನು, ಅದರಂತೆ ಬೇರೆ ರಾಜ್ಯಗಳ ಆಲೂಗೆಡ್ಡೆ, ಕುದುರೆ ಎಲ್ಲ ಪ್ಲೇಟಿಗೆ ಬಂದದ್ದು ರಾಜ್ಯದ ಹೆಮ್ಮೆಗೆ. ಮೃಗಕ್ಕೆ ದುಡ್ಡು ತರುವ ಪ್ಲೇಟು ಬಂದದ್ದು ಬೇರೆ ದಾರಿಯಿಂದ. ಆ ದಾರಿ ಬೇಟೆಯಿಂದ ಶುರುವಾಗುತ್ತದೆ.

1934ರಲ್ಲಿ ಅಮೆರಿಕ ಸರ್ಕಾರ ಬಾತುಕೋಳಿ ಹೊಡೆಯುವವರೆಲ್ಲ ಒಂದು ಡಾಲರಿನ ಸ್ಟಾಂಪು ಕೊಳ್ಳಬೇಕೆಂದಿತು. ಮೊದಲ ಸ್ಟಾಂಪಿನ ಚಿತ್ರ ಬರೆದವರು 'ಡಿಂಗ್' ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರ. ಆ ದುಡ್ಡು ಹಕ್ಕಿಗಳು ಇಳಿಯುವ ಜೌಗುಭೂಮಿಗೆ ಹೋಯಿತು. 1937ರಲ್ಲಿ ಇನ್ನೊಂದು ಕಾನೂನು ಬಂದು ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಕಟ್ಟಿಟ್ಟಿತು. ಏರ್ಪಾಟು ಗಟ್ಟಿಯೇ. ಆದರೆ ಒಂದು ಐಬು. ಹೊಡೆಯುವವನ ದುಡ್ಡು ಸಹಜವಾಗಿಯೇ ಹೊಡೆಯುವ ಪ್ರಾಣಿಯ ಕಡೆಗೆ ಹರಿಯುತ್ತದೆ. ಜಿಂಕೆ, ಬಾತು, ಟರ್ಕಿ ಕೋಳಿಗೆ ಪೋಷಕರುಂಟು. ಯಾರೂ ಬೇಟೆಯಾಡದ ಗೂಬೆ, ಕಪ್ಪೆ, ಆಮೆಗಳಿಗೆ? ಅವು ಅನಾಥ. ಈ ಅನಾಥರಿಗೆ ಅನ್ನ ಹುಡುಕುವುದೇ ಎಪ್ಪತ್ತರ ದಶಕದ ಅಧಿಕಾರಿಗಳ ತಲೆನೋವಾಯಿತು. ಕೊಲರಾಡೋ 1977ರಲ್ಲಿ ಆದಾಯ ತೆರಿಗೆಯ ಫಾರಮ್ಮಿನಲ್ಲಿ ಒಂದು ಚೌಕ ಬರೆದು, ಇಷ್ಟವಿದ್ದವರು ಗುರುತು ಹಾಕಿ ಇಷ್ಟು ದುಡ್ಡು ಬಿಡಿ ಎಂದಿತು. ಫಾರಮ್ಮಿನ ಚೌಕ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲೇಟಾದರೋ ಹಿಂದಿನ ಕಾರಿನವನಿಗೂ ಕಾಣುತ್ತದೆ!

ಕ್ಯಾಲಿಫೋರ್ನಿಯಾ ಇದನ್ನು 1970ರಲ್ಲೇ ಬೇರೆ ಬಗೆಯಲ್ಲಿ ಕಂಡುಕೊಂಡಿತ್ತು. ತನ್ನ ಹೆಸರನ್ನೋ ಹೆಂಡತಿಯ ಹೆಸರನ್ನೋ ಪ್ಲೇಟಿನ ಮೇಲೆ ಬರೆಸಿಕೊಳ್ಳಬೇಕೆನ್ನುವವನು ಹೆಚ್ಚು ಕಟ್ಟಲಿ, ಆ ಹೆಚ್ಚಿನದು ಪರಿಸರದ ಕೆಲಸಕ್ಕೆ ಹೋಗಲಿ ಎಂದು ಶಾಸನ ಮಾಡಿ, ಅದಕ್ಕೊಂದು ನಿಧಿಯನ್ನೇ ತೆರೆಯಿತು. ಮನುಷ್ಯನ ಹಮ್ಮಿನ ಮೇಲೆ ಹಾಕಿದ ಇಷ್ಟು ಜಾಣ ತೆರಿಗೆಯನ್ನು ನಾನು ಬೇರೆಲ್ಲೂ ಓದಿಲ್ಲ. ಮೂರು ವರ್ಷದ ಮೇಲೆ, 1973ರ ನವೆಂಬರಿನಲ್ಲಿ, ವಾಷಿಂಗ್ಟನ್ ರಾಜ್ಯ ಇದನ್ನೇ ಮತಕ್ಕೆ ಹಾಕಿ ಜನರಿಂದಲೇ ಒಪ್ಪಿಗೆ ಪಡೆಯಿತು. ಹೆಸರಿನ ಪ್ಲೇಟಿನ ದುಡ್ಡು ವನ್ಯಜೀವಿಗೆ, ಅದರಲ್ಲೂ ಬೇಟೆಗೊದಗದ ಜೀವಿಗಳಿಗೆ.

ನಮ್ಮಲ್ಲೂ ಹಮ್ಮಿಗೇನು ಬರ? 0001, 9999ಕ್ಕೆ ಹರಾಜು ಕೂಗುವ ದಿನ ಕಚೇರಿಯಲ್ಲಿ ಜಾತ್ರೆ. ಹದಿನೈದು ವರ್ಷ ದಾಟಿದ ಗಾಡಿಗೆ ಹಸಿರು ತೆರಿಗೆಯೂ ಇದೆ. ಎರಡರ ಚಲನ್ನನ್ನೂ ನಾನೇ ಬರೆದಿದ್ದೇನೆ. ಬೊಕ್ಕಸ ಸೇರಿದ ಮೇಲೆ ಯಾವ ರೂಪಾಯಿ ಯಾವ ಮರದ ಬುಡಕ್ಕೆ ಹೋಯಿತೆಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಚಿತ್ರದ ಪ್ಲೇಟಿನ ಕತೆಗೆ ಫ್ಲೋರಿಡಾಕ್ಕೆ ಮರಳಬೇಕು. ಅಲ್ಲಿ ಅದು ಹುಟ್ಟಿದ್ದು ಒಂದು ಸಾವಿನ ಮನೆಯಲ್ಲಿ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆ ರಾಜ್ಯದ ಕರಾವಳಿಯಾಚೆಯ ಆಕಾಶದಲ್ಲೇ ಒಡೆದು ಏಳು ಜನ ಸತ್ತರು. ಅವರಿಗೊಂದು ಸ್ಮಾರಕ ಕಟ್ಟಲು ದುಡ್ಡೆತ್ತುವ ಪ್ಲೇಟು 1987ರಲ್ಲಿ ರಸ್ತೆಗಿಳಿಯಿತು. ಜನ ಮುಗಿಬಿದ್ದು ಕೊಂಡರು. ಆಕಾಶಯಾನಿಗಳಿಗೆ ಆಗುವುದಾದರೆ ಕಾಡಿನವರಿಗೆ ಯಾಕಾಗಬಾರದು? 1990ರ ಹೊತ್ತಿಗೆ ಪ್ಯಾಂಥರ್ ಮತ್ತು ಮ್ಯಾನಟೀ, ಎರಡಕ್ಕೂ ಪ್ಲೇಟು ಬಂತು. ಮೇರಿಲ್ಯಾಂಡಿನಲ್ಲಿ ಚೆಸಪೀಕ್ ಕೊಲ್ಲಿಯ ಕೊಕ್ಕರೆ, ಪೆನ್ಸಿಲ್ವೇನಿಯಾದಲ್ಲಿ ಗೂಬೆ, ಮೇನ್ ರಾಜ್ಯದಲ್ಲಿ ಲೂನ್ ಹಕ್ಕಿ, 1997ರಲ್ಲಿ ಕ್ಯಾಲಿಫೋರ್ನಿಯಾದ ತಿಮಿಂಗಿಲದ ಬಾಲ. ಇಂಡಿಯಾನಾದ ಹದ್ದಿನ ಪ್ಲೇಟಿನ ದುಡ್ಡಿನಲ್ಲಿ ನೇರವಾಗಿ ನೆಲವನ್ನೇ ಕೊಂಡು ಕಾಡಿಗೆ ಬಿಟ್ಟರು. ಹತ್ತು ವರ್ಷದಲ್ಲಿ ಅಮೆರಿಕದ ಹೆದ್ದಾರಿ ಒಂದು ಓಡುವ ಮೃಗಾಲಯವಾಯಿತು.

ಪ್ಯಾಂಥರ್ ಎಂದೊಡನೆ ನಾನು ಕಬಿನಿಯ ಕರಿಚಿರತೆಯನ್ನು ನೆನೆದಿದ್ದೆ. ಅದಲ್ಲ. ಇದು ಪ್ಯೂಮಾ, ಒಣಹುಲ್ಲಿನ ಬಣ್ಣ, ಬೆಳೆದ ಮೇಲೆ ಮೈಮೇಲೆ ಒಂದು ಚುಕ್ಕಿಯೂ ಇರುವುದಿಲ್ಲ, ಮರಿಗಳಿಗೆ ಮಾತ್ರ ಚುಕ್ಕಿ. 1967ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದಾಗ ಅದು ಇದೆಯೋ ಇಲ್ಲವೋ ಎಂದೇ ಅನುಮಾನ. ವಿಶ್ವ ವನ್ಯಜೀವಿ ನಿಧಿಯವರು ಟೆಕ್ಸಸ್‌ನ ರಾಯ್ ಮೆಕ್‌ಬ್ರೈಡ್ ಎಂಬಾತನನ್ನು ನಾಯಿಗಳ ಸಮೇತ ಕರೆಸಿದರು. ಹೆಜ್ಜೆ ಹಿಡಿದು ಹೋಗುವುದರಲ್ಲಿ ಆತ ನಿಸ್ಸೀಮ. 1973ರಲ್ಲಿ ಫಿಶೀಟಿಂಗ್ ಕ್ರೀಕ್ ಎಂಬ ಹಳ್ಳದ ಸೀಮೆಯಲ್ಲಿ ಆತನ ನಾಯಿಗಳು ಒಂದು ಮುದಿ ಹೆಣ್ಣನ್ನು ಮರ ಹತ್ತಿಸಿದವು. ಇದೆ ಎಂದಾಯಿತು. 1981ರಲ್ಲಿ ಮೊದಲ ರೇಡಿಯೋ ಪಟ್ಟಿ ಒಂದರ ಕೊರಳಿಗೆ ಬಿತ್ತು. ಮರುವರ್ಷ ಶಾಲೆಯ ಮಕ್ಕಳು ಓಟು ಹಾಕಿ ಅದನ್ನೇ ರಾಜ್ಯದ ಪ್ರಾಣಿ ಮಾಡಿದರು. ರಾಜ್ಯದ ಪ್ರಾಣಿಯೆಂಬ ಪಟ್ಟ ಸಿಕ್ಕಿತು, ಪ್ರಾಣಿ ಮಾತ್ರ ಇಪ್ಪತ್ತೋ ಮೂವತ್ತೋ.

ಪಟ್ಟಿ ಕಟ್ಟುವ ಕೆಲಸವನ್ನು ನಾನು ಗ್ರಂಥಾಲಯದ ವಿಡಿಯೋದಲ್ಲಿ ಎರಡು ಸಲ ನೋಡಿದೆ. ನಾಯಿಗಳು ಬೊಗಳಿ ಬೆಕ್ಕನ್ನು ಮರಕ್ಕೇರಿಸುತ್ತವೆ. ಕೆಳಗಿನವರು ಅರಿವಳಿಕೆಯ ಸೂಜಿ ಹಾರಿಸುತ್ತಾರೆ. ಅದು ತೂಕಡಿಸಿ ಜಾರುವಷ್ಟರಲ್ಲಿ ಬುಡದಲ್ಲಿ ಬಲೆ ಹಿಡಿದಿರಬೇಕು, ಬಲೆಯ ಕೆಳಗೆ ಗಾಳಿ ತುಂಬಿದ ದೊಡ್ಡ ಚೀಲ. ನಾಯಿ, ಪಶುವೈದ್ಯ, ಸೂಜಿ, ಚೀಲ, ಕೊರಳ ಪಟ್ಟಿ, ಆಮೇಲೆ ಪಟ್ಟಿಯ ಸದ್ದು ಕೇಳಲು ಮೇಲೆ ಹಾರುವ ಪುಟ್ಟ ವಿಮಾನ. ಇವೆಲ್ಲ ಬಿಲ್ಲುಗಳು. ಕಚೇರಿಯಲ್ಲಿ ಬೆಳೆದವನಿಗೆ ಬಿಲ್ಲಿನ ಭಾಷೆ ಅರ್ಥವಾಗುತ್ತದೆ. ಫ್ಲೋರಿಡಾ ರಾಜ್ಯದ ಪ್ಯಾಂಥರ್ ಕೆಲಸಕ್ಕೆ ಮುಖ್ಯ ಹಣದ ಮೂಲ ಆ ಪ್ಲೇಟುಗಳೇ. ಪ್ರಾಣಿ ಬಹಳ ಹೊತ್ತು ಅಲುಗಾಡದಿದ್ದರೆ ಪಟ್ಟಿಯ ಸದ್ದಿನ ಲಯ ಬದಲಾಗುತ್ತದಂತೆ. ಸತ್ತಿತು ಎಂಬ ಸೂಚನೆ ಅದು.

ಹಾಗೆ ಹಿಡಿದು ನೋಡಿದಾಗಲೇ ಒಳಗಿನ ರೋಗ ಬಯಲಾದದ್ದು. ಬಾಲದ ತುದಿ ಕೊಕ್ಕೆಯಂತೆ ಮುರಿದಿತ್ತು, ಬೆನ್ನ ಮೇಲೆ ಸುಳಿ, ಗಂಡುಗಳಿಗೆ ಬೀಜ ಇಳಿಯದ ತೊಂದರೆ, ಕೆಲವಕ್ಕೆ ಹೃದಯದಲ್ಲೇ ತೂತು. ಇರುವ ನಾಲ್ಕು ಮನೆಯಲ್ಲೇ ಹೆಣ್ಣು ಕೊಟ್ಟು ತಂದು ರಕ್ತ ತೆಳುವಾಗಿತ್ತು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಹಿಡಿದುಕೊಟ್ಟವರು ಅದೇ ಮೆಕ್‌ಬ್ರೈಡ್. ಎಂಟರಲ್ಲಿ ಐದು ಮರಿ ಹಾಕಿದವು. ಮುಂದಿನ ಪೀಳಿಗೆಯ ಬಾಲ ನೆಟ್ಟಗಾಯಿತು. ಕೆಲಸ ಮುಗಿದ ಮೇಲೆ ಉಳಿದ ಟೆಕ್ಸಸ್ ಹೆಣ್ಣುಗಳನ್ನು 2003ರ ಹೊತ್ತಿಗೆ ಕಾಡಿನಿಂದ ವಾಪಸು ಹಿಡಿದರು. ಸೊಸೆಯಂದಿರನ್ನು ತಂದು, ಮೊಮ್ಮಕ್ಕಳಾದ ಮೇಲೆ ತವರಿಗೆ ಅಟ್ಟಿದ ಹಾಗೆ ಅಂತ ನಾನು ಹೇಳಿದರೆ ಮಗಳಿಗೆ ನಗು ಬರಲಿಲ್ಲ. ಈಗ ದೊಡ್ಡವು 120ರಿಂದ 230 ಇರಬಹುದೆಂದು ಅಂದಾಜು.

ಇಷ್ಟೆಲ್ಲ ಮಾಡಿ ಉಳಿಸಿದ್ದನ್ನು ಕೊಲ್ಲುತ್ತಿರುವುದು ಯಾವುದು? ಕಾರು. ಈಚಿನ ಎಷ್ಟೋ ವರ್ಷಗಳಲ್ಲಿ ವರ್ಷಕ್ಕೆ ಇಪ್ಪತ್ತಕ್ಕೂ ಮೀರಿ ಪ್ಯಾಂಥರ್‌ಗಳು ರಸ್ತೆಯಲ್ಲೇ ಸತ್ತಿವೆ. ಒಂದು ಗಂಡಿಗೆ ಸುಮಾರು 200 ಚದರ ಮೈಲಿ ಬೇಕು. ನಮ್ಮ ಬಂಡೀಪುರ ಪೂರ್ತಿ ಬಿಟ್ಟುಕೊಟ್ಟರೂ ಎರಡು ಗಂಡಿಗೆ ಇಕ್ಕಟ್ಟು. ಅಷ್ಟು ನಡೆಯುವ ಪ್ರಾಣಿ ರಸ್ತೆ ದಾಟದೆ ಬದುಕುವುದು ಹೇಗೆ? ಇದು ತಿಳಿದ ಮೇಲೆ ಪಾರ್ಕಿಂಗ್ ಜಾಗದ ಆ ಮುಖವನ್ನು ನಾನು ಮೊದಲಿನಂತೆ ನೋಡಲಾರದಾದೆ. ಕೊಂದವನ ಬೆನ್ನಿಗೇ ಸತ್ತವನ ಭಾವಚಿತ್ರ.

ಅಳಿಯ ಒಂದು ಭಾನುವಾರ ನನ್ನನ್ನು ಅಲಿಗೇಟರ್ ಆಲಿ ಎಂಬ ಹೆದ್ದಾರಿಯಲ್ಲಿ ಕರೆದೊಯ್ದ. ಜೌಗಿನ ನಡುವೆ ಸೀಳುಗೆರೆಯಂಥ ರಸ್ತೆ, 1968ರಲ್ಲಿ ತೆರೆದದ್ದು. ತೊಂಬತ್ತರ ದಶಕದ ಆರಂಭದಲ್ಲಿ ಅಗಲ ಮಾಡುವಾಗ 40 ಮೈಲಿ ಉದ್ದಕ್ಕೆ ಎರಡೂ ಪಕ್ಕ ಆಳೆತ್ತರ ಮೀರಿದ ಬೇಲಿ ಹಾಕಿ, ರಸ್ತೆಯ ಕೆಳಗೆ ಪ್ರಾಣಿಗಳಿಗೆಂದೇ 24 ಹಾದಿ ಬಿಟ್ಟರು. ಮೇಲಿನಿಂದ ನೋಡಿದರೆ ಸಣ್ಣ ಸೇತುವೆ, ಅಷ್ಟೇ. 'ಮಾವ, ಈಗ ದಾಟಿದ್ದೇ ಒಂದು' ಅಂತ ಅಳಿಯ ಹೇಳುವಷ್ಟರಲ್ಲಿ ಅದು ಹಿಂದೆ ಉಳಿದಿರುತ್ತಿತ್ತು. ಬೇಲಿ, ಹಾದಿ ಇರುವ ಕಡೆ ಸಾವು ತಗ್ಗಿದೆ. ಬೇಲಿಯಿಲ್ಲದ ಕೆಲವು ಕಡೆ ರಾತ್ರಿ ವೇಗದ ಮಿತಿ ಇಳಿಸುತ್ತಾರೆ, ಹಗಲು 60 ಮೈಲಿ ಇದ್ದದ್ದು ಕತ್ತಲಾದ ಮೇಲೆ 45.

ನಾನು ನಮ್ಮ ಗುಂಡ್ಲುಪೇಟೆ ರಸ್ತೆಯ ಬಗ್ಗೆ ಹೇಳಿದೆ. ಬಂಡೀಪುರದ ನಡುವಿನ ಹೆದ್ದಾರಿಯನ್ನು 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತಾರೆ, ಮರುವರ್ಷ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು ಅಂತ. 'ಮುಚ್ಚಿಯೇಬಿಡ್ತಾರಾ?' ಅಂದ ಅಳಿಯ. ಮುಚ್ಚುವ ಮುಂಚಿನ ಕಾಲದಲ್ಲಿ, ಬೆಳಗಿನ ಜಾವದ ಬಸ್ಸಿನ ಕಿಟಕಿಯಿಂದ ರಸ್ತೆಯ ಅಂಚಿನಲ್ಲಿ ಮಲಗಿದಂತಿದ್ದ ಒಂದು ಚಿರತೆಯನ್ನು ನಾನು ಕಂಡಿದ್ದೆ. ಕಂಡಕ್ಟರು ಇಳಿದು ಬಾಲ ಹಿಡಿದು ಪಕ್ಕಕ್ಕೆಳೆದ. ಟಿಕೆಟ್ಟಿನ ಚೀಲ ಅವನ ಹೆಗಲಲ್ಲೇ ತೂಗುತ್ತಿತ್ತು. ಒಂದು ವಿಷಯದಲ್ಲಿ ನಮ್ಮದೇ ಮೇಲು ಎಂದು ಅಳಿಯನ ಜೊತೆಗಿದ್ದ ಆ ಭಾನುವಾರ ಅನ್ನಿಸಿದ್ದು ಸುಳ್ಳಲ್ಲ. ನಾವು ಗೇಟು ಹಾಕಿದೆವು, ಅವರು ದುಡ್ಡು ಹಾಕಿದರು.

ಪ್ಲೇಟಿನ ದುಡ್ಡಿಗೂ ಕಾಯಿಲೆಗಳಿವೆ. ಜಾರ್ಜಿಯಾದಲ್ಲಿ ಹದ್ದಿನ ಪ್ಲೇಟು ಚೆನ್ನಾಗಿ ಖರ್ಚಾಗುತ್ತಿದ್ದಾಗ, 2010ರಲ್ಲಿ ಶಾಸನ ಬದಲಿಸಿ ಬಹುಪಾಲನ್ನು ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ತಿರುಗಿಸಿದರು. ಮಾರಾಟ ಕುಸಿಯಿತು, 2014ರಲ್ಲಿ ಮತ್ತೆ ವನ್ಯಜೀವಿಗೆ ಬಿಟ್ಟುಕೊಟ್ಟರು. ಕ್ಯಾಲಿಫೋರ್ನಿಯಾದ ತಿಮಿಂಗಿಲದ ಬಾಲ ಬರೆದ ಕಲಾವಿದ ವೈಲ್ಯಾಂಡ್ 2008ರಲ್ಲಿ ತಮ್ಮ ಪ್ರತಿಷ್ಠಾನಕ್ಕೂ ಪಾಲು ಕೇಳಿದಾಗ ಮಾತು ಮುರಿದು, ಕೊನೆಗೆ ರಾಜ್ಯ ಬೇರೆ ಬಾಲವನ್ನೇ ಬರೆಸಬೇಕಾಯಿತು. ಫ್ಲೋರಿಡಾದಲ್ಲೋ ಪ್ಲೇಟುಗಳೇ ನೂರು ಮೀರಿ, 150ಕ್ಕಿಂತ ಹೆಚ್ಚಿರಕೂಡದೆಂದು 2020ರಲ್ಲಿ ಕಾನೂನು ಮಾಡಿದರು. ಸಾಕಷ್ಟು ಜನ ಕೊಳ್ಳದ ಪ್ಲೇಟು ಬಿದ್ದುಹೋಗುತ್ತದೆ. ಕಾಲೇಜು, ಫುಟ್‌ಬಾಲ್ ತಂಡ, ಗಾಲ್ಫ್, ಎಲ್ಲದರ ಜೊತೆ ಒಂದೇ ಗೂಡಂಗಡಿಯಲ್ಲಿ ಕೂತು ಪ್ಯಾಂಥರೂ ಗಿರಾಕಿ ಕರೆಯಬೇಕು. ಮುಖ ಚೆಂದವಿದ್ದದ್ದಕ್ಕೆ ಅದು ಗೆದ್ದಿತು. ಅದೇ ರಾಜ್ಯದಲ್ಲಿ ಬದುಕುವ, ಪ್ಲೇಟಿನ ಮೇಲೆ ಬರೆದರೆ ಯಾರೂ ಕೊಳ್ಳದ ಹಲ್ಲಿಗೋ ಮಸ್ಸೆಲ್ ಚಿಪ್ಪಿಗೋ ಹೀಗೆ ಕರೆಯುವ ಬಾಯಿಲ್ಲ. ಮೊದಲು ಬಂದೂಕಿನವನ ಇಷ್ಟ ನೋಡಿ ದುಡ್ಡು ಹರಿಯುತ್ತಿತ್ತು, ಈಗ ಕಾರಿನವನ ಇಷ್ಟ ನೋಡಿ.

ಹಾಗಂತ ನಾನು ಬೇಡ ಅನ್ನಲಿಲ್ಲ. ಮಗಳ ಗಾಡಿಯ ನವೀಕರಣ ಬಂದಾಗ ಮೊಮ್ಮಗಳು 'ತಾತ, ಯಾವುದು?' ಅಂದಳು. ಮ್ಯಾನಟೀ ಅವಳ ಆಸೆ, ಪ್ಯಾಂಥರ್ ನನ್ನ ಹಟ. ಅಲ್ಲಿ ಕಾರು ಮಾರಿದರೂ ಪ್ಲೇಟು ಬಿಚ್ಚಿ ಮನೆಗೆ ತರಬಹುದಂತೆ, ನಂಬರು ಮನುಷ್ಯನದು, ಗಾಡಿಯದಲ್ಲ. ಹುಟ್ಟಿನಿಂದ ಗುಜರಿಯವರೆಗೆ ನಂಬರನ್ನೂ ಗಾಡಿಯನ್ನೂ ಗಂಟುಹಾಕಿ ಬದುಕಿದವನಿಗೆ ಇದು ಅರಗುವುದು ಕಷ್ಟ. ಹೊಸ ಪ್ಲೇಟನ್ನು ನಾನೇ ಸ್ಕ್ರೂ ಹಾಕಿ ಕೂರಿಸಿದೆ. ಬಲಮೂಲೆಯಲ್ಲಿ ವರ್ಷದ ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಆ ಕಣ್ಣುಗಳನ್ನು ಒಂದು ಸಲ ಒರೆಸಿದೆ. ತಗಡಿನ ಮೇಲೆ ಅಚ್ಚಾದ ಬಣ್ಣ, ಬಟ್ಟೆಯಲ್ಲಿ ಉಜ್ಜಿದರೆ ಏಳುವುದಿಲ್ಲ.

ಹೊರಡುವ ಹಿಂದಿನ ವಾರ ಮಯಾಮಿಯಿಂದ ರಾತ್ರಿ ಹಿಂದಿರುಗುತ್ತಿದ್ದೆವು, ಹಳೆಯ ಟಮಿಯಾಮಿ ರಸ್ತೆಯಲ್ಲಿ. ಎರಡೂ ಕಡೆ ಕತ್ತಲು, ನೀರು, ಸೈಪ್ರೆಸ್ ಮರ. ಪ್ಯಾಂಥರ್ ದಾಟುವ ಜಾಗದ ಫಲಕ ಹೆಡ್‌ಲೈಟಿಗೆ ಮಿಂಚಿತು. ಅಳಿಯ ತಕ್ಷಣ 45ಕ್ಕೆ ಇಳಿದ. ಹಿಂದಿದ್ದ ಗಾಡಿ ಎರಡು ಸಲ ಲೈಟು ಹೊಡೆಯಿತು, ಹತ್ತಿರ ಬಂತು, ಆಮೇಲೆ ಪಕ್ಕಕ್ಕೆ ಸರಿದು ಭರ್ರನೆ ಮುಂದೆ ಹೋಯಿತು. ನಮ್ಮ ಬೆಳಕಿನಲ್ಲಿ ಒಂದು ಕ್ಷಣ ಅದರ ಬೆನ್ನು ಕಂಡಿತು. ಅದೇ ಮುಖ, ಅದೇ ಕಣ್ಣು.

'ನೋಡಿದ್ರಾ ಮಾವ?' ಅಂದ ಅಳಿಯ.

ನಾನು ಅಭ್ಯಾಸಬಲದಿಂದ ನಂಬರು ಓದಿಕೊಂಡಿದ್ದೆ.